ಆರನೇ ಮೆಟ್ಟಿಲು ಮತ್ತು ಎದುರುಮನೆಯ ದಾಸವಾಳ

ನೈತಿಕ ವಿಕಾಸದ ಆರು ಮೆಟ್ಟಿಲುಗಳ ಸಿದ್ಧಾಂತದ ಸನ್ನಿಧಾನಕ್ಕೆ,

ಮಾನ್ಯರೇ,

ಶಂಕರಪುರಂನ ಬಾಡಿಗೆ ಮನೆಯೊಂದರಿಂದ ಸಾಷ್ಟಾಂಗ ನಮಸ್ಕಾರಗಳು. ಇಷ್ಟು ದಿನ ಮನೆಯವರಿಂದ ಮುಚ್ಚಿಟ್ಟಿದ್ದ ಸಂಗತಿಯೊಂದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ: ತಮ್ಮ ಪ್ರಕಾರ ನಾನಿನ್ನೂ ಎರಡನೇ ಮೆಟ್ಟಿಲಿನಲ್ಲಿದ್ದೇನೆ. ನಮ್ಮ ಮನೆ ಓನರ್ ಸಿದ್ದಬಸಪ್ಪನವರ ಮೊಮ್ಮಗಳು, ಮನಃಶಾಸ್ತ್ರದಲ್ಲಿ ಎಂ.ಎ. ಓದುತ್ತಿರುವ ರಕ್ಷಿತಾ, ಕಾಲೇಜಿನ ಪ್ರಾಜೆಕ್ಟ್‌ಗೆಂದು ವಠಾರದವರನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿಕೊಂಡು ಕಳ್ಳತನ ಏಕೆ ತಪ್ಪೆಂದು ಕೇಳಿದಾಗ, ಹತ್ತನೇ ತರಗತಿಗೇ ಶಾಲೆ ಬಿಟ್ಟ ನಾನು, "ಇವತ್ತು ನಾನ್ ಅವ್ರದ್ದು ಎತ್ಕೊಂಡ್ರೆ ನಾಳೆ ಅವ್ರು ನಂದು ಎತ್ಕೋತಾರೆ" ಎಂದೆ. ಅದು ಕೊಟ್ಟು ತೆಗೆದುಕೊಳ್ಳುವ ನೀತಿ, ಚಿಕ್ಕ ಮಕ್ಕಳದ್ದು ಎಂದು ತಿಳಿದುಬಂತು. ನ್ಯಾಯವು ಕಾನೂನಿಗಿಂತ ದೊಡ್ಡದೆಂದ ಸಿದ್ದಬಸಪ್ಪನವರಿಗೆ ಆರನೆಯ, ಅಂದರೆ ಆತ್ಮಸಾಕ್ಷಿಯ, ಮೆಟ್ಟಿಲು ಸಿಕ್ಕಿತು.

ಆ ಎತ್ತರದ ಉಪಯೋಗವನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಿನಾ ನಸುಕಿನಲ್ಲಿ ವಾಕಿಂಗ್ ಹೊರಡುವ ಅವರು ಕೊಡೆಯ ಹಿಡಿಯಿಂದ ಎದುರುಮನೆ ಸರ್ವಮಂಗಳಮ್ಮನವರ ದಾಸವಾಳದ ಕೊಂಬೆಯನ್ನು ಕಾಂಪೌಂಡಿನಾಚೆಗೆ ಎಳೆದು, ಪೂಜೆಗೆ ಬೇಕಾದಷ್ಟು ಹೂವನ್ನು ಪ್ಲಾಸ್ಟಿಕ್ ಕವರಿಗೆ ತುಂಬಿಕೊಳ್ಳುತ್ತಾರೆ. ಎದುರು ಸಿಕ್ಕ ನನಗೆ, "ದೇವ್ರಿಗೆ ಹೋಗೋ ಹೂವಪ್ಪಾ, ಇದಕ್ಕೆಲ್ಲ ಕಳ್ಳತನ ಅನ್ನಲ್ಲ" ಎಂದು ತತ್ವವನ್ನೂ ದಯಪಾಲಿಸಿದ್ದಾರೆ. ಎರಡನೇ ಮೆಟ್ಟಿಲಿನಿಂದ ಆ ಕೊಂಬೆ ಎಟಕುವುದೇ ಇಲ್ಲ. ತಮ್ಮ ನಿರ್ಮಾಣ ಕೌಶಲಕ್ಕೆ ತಲೆಬಾಗುತ್ತೇನೆ.

ಕಳೆದ ವಾರ ಸರ್ವಮಂಗಳಮ್ಮನವರು, ಹೂವು ಕದ್ದು ಮಾರಿಕೊಳ್ಳುತ್ತಾಳೆಂದು, ಮನೆಕೆಲಸದ ಚಿಕ್ಕಮುನಿಯಮ್ಮನವರನ್ನು ಬಿಡಿಸಿದರು. "ಒಂದ್ ಮೊಗ್ಗೂ ಮುಟ್ಟಿಲ್ಲ ಕಣಮ್ಮಾ" ಎಂದು ಆಕೆ ಗೇಟಿನಲ್ಲಿ ನಿಂತು ಅಳುವಾಗ, ಆರನೇ ಮೆಟ್ಟಿಲು ವರಾಂಡದಲ್ಲಿ ಪೇಪರ್ ಓದುತ್ತಿತ್ತು. ನಾನು ರಸ್ತೆಯಲ್ಲೇ ನಿಜ ಹೇಳಿದೆ. ಆತ್ಮಸಾಕ್ಷಿಯೆಂದು ತಪ್ಪು ತಿಳಿಯಬೇಡಿ. ಶಾಲೆ ಬಿಟ್ಟ ಸಿಟ್ಟಿಗೆ ಅಪ್ಪ ನನಗೆ ಊಟ ಹಾಕಬೇಡಿ ಎಂದಿದ್ದ ದಿನಗಳಲ್ಲಿ ಚಿಕ್ಕಮುನಿಯಮ್ಮನವರು ತಮ್ಮ ಬುತ್ತಿಯ ಮುದ್ದೆಯನ್ನು ಮುರಿದು ನನಗೂ ಕೊಟ್ಟಿದ್ದರು. ಎರಡನೇ ಮೆಟ್ಟಿಲೇ, ಅನುಮಾನವಿಲ್ಲ.

ಸರ್ವಮಂಗಳಮ್ಮನವರು, "ದೊಡ್ಡೋರ್ ಬಗ್ಗೆ ಹಿಂಗೆಲ್ಲಾ ಮಾತಾಡ್ತಾರೇನೋ?" ಎಂದು ಗೇಟು ಹಾಕಿಕೊಂಡರು. ಗಾಂಧಿ ಬಜಾರಿನಲ್ಲಿ ತರಕಾರಿ ಮಾರುವ ನಮ್ಮಪ್ಪ ಬಚ್ಚಪ್ಪ, "ಓನರ್ ಕಣೋ ಅವ್ರು! ನೋಡಿಲ್ಲ ಅಂದ್ಬಿಡು, ಮುಗ್ದೋಯ್ತು" ಎಂದು ಗೋಗರೆದ. ನೋಡಿದ್ದರಿಂದ ಹಾಗೆ ಅನ್ನಲಾಗಲಿಲ್ಲ.

ಆದಕಾರಣ, ಆರನೇ ಮೆಟ್ಟಿಲಿನವರು ವಾಕಿಂಗ್ ವೇಳೆಯಲ್ಲಾದರೂ ಕಾಯಿದೆ ಪಾಲಿಸುವ ನಾಲ್ಕನೆಯದಕ್ಕೆ ಇಳಿದು ಬರುವಂತೆ ತಾವು ಒಂದು ಲಿಫ್ಟ್ ಕರುಣಿಸಬೇಕು. ನನ್ನನ್ನು ಮೇಲೇರಿಸುವುದು ಬೇಡ. ಬೇಕಿದ್ದರೆ ಶಿಕ್ಷೆಗೆ ಹೆದರುವ ಒಂದನೆಯದಕ್ಕೇ ಇಳಿಸಿ, ಚಿಕ್ಕಮುನಿಯಮ್ಮನವರಿಗೆ ಅವರ ಕೆಲಸ ಕೊಡಿಸಿ.

ಮೇಲೇರದೆ ಉಳಿದ ತಮ್ಮ ವಿಶ್ವಾಸಿ,
ವೇಣು

ತಾ.ಕ.: ಸರ್ವಮಂಗಳಮ್ಮನವರು ಹೊಸಬರನ್ನು ಕೆಲಸಕ್ಕಿಟ್ಟುಕೊಂಡಿದ್ದಾರೆ, ಹೂವು ಈಗಲೂ ಮಾಯವಾಗುತ್ತಿರುವುದರಿಂದ ಅವರ ಮೇಲೂ ಕಣ್ಣಿಟ್ಟಿದ್ದಾರಂತೆ. ಹುಡುಗನನ್ನು ಬೇರೆಡೆ ಕಳಿಸಿದರೆ ಮನೆ ಖಾಲಿ ಮಾಡಬೇಕಿಲ್ಲವೆಂದು ಸಿದ್ದಬಸಪ್ಪನವರು ಅಪ್ಪನ ಮುಂದೆ ದೊಡ್ಡ ಮನಸ್ಸು ತೋರಿದ್ದಾರೆ. ನಾಳೆ ಬೆಳಿಗ್ಗೆ ನಾನು ಚಾಮರಾಜಪೇಟೆಯ ಸೋದರತ್ತೆಯ ಮನೆಗೆ ಹೋಗುತ್ತಿದ್ದೇನೆ.