ದೊಡ್ಡೋನು, ಚಿಕ್ಕೋನು ಮತ್ತು ನಾನು

ನಮ್ಮ ಮನೆಗೆ ಮೀನು ಬಂದ ದಿನವೇ ಮಾತು ಹೊರಟುಹೋಯಿತು. ಎರಡೂ ಒಂದೇ ಬಾಗಿಲಿನಲ್ಲಿ, ಒಂದೇ ಹೊತ್ತಿಗೆ. ಇದರಲ್ಲಿ ಮೀನಿನ ತಪ್ಪೇನೂ ಇಲ್ಲ. ತಪ್ಪು ಯಾರದೆಂದು ಮುಂದೆ ನೀವೇ ತೀರ್ಮಾನ ಮಾಡುತ್ತೀರಿ. ಮಾಡಿದ ಮೇಲೆ ದಯವಿಟ್ಟು ನನಗೆ ಹೇಳಬೇಡಿ. ಹೇಳುವವರು ಈಗಾಗಲೇ ಬೇಕಾದಷ್ಟಿದ್ದಾರೆ.

ನನ್ನ ಕೆಲಸ ನೀರಿನ ಟ್ಯಾಂಕ್ ತೊಳೆಯುವುದು. ಮನೆಗಳ ಸಂಪು, ತಾರಸಿಯ ಮೇಲಿನ ಟ್ಯಾಂಕು, ಆಸ್ಪತ್ರೆಯದು, ಹಾಸ್ಟೆಲ್ಲಿನದು, ಮೂವತ್ತು ವರ್ಷಗಳಿಂದ ಎಲ್ಲದರೊಳಗೂ ಇಳಿದು ಹತ್ತಿದ್ದೇನೆ. ಓದಿದ್ದು ಐದನೇ ಕ್ಲಾಸು. ಸಂಪಿನ ತಳದಲ್ಲಿ ನಿಂತು “ಮೋಟಾರ್ ಆಫ್ ಮಾಡ್ರೋ” ಎಂದು ಮೇಲಿನವರಿಗೆ ಕೂಗಿ ಕೂಗಿ ಗಂಟಲು ದೊಡ್ಡದಾಗಿದೆ. ಸಿಟ್ಟು ಮಾತ್ರ ಹುಟ್ಟಿನಿಂದಲೇ ಬಂದದ್ದು, ಅದಕ್ಕೆ ಕೆಲಸವನ್ನು ದೂರಲಾರೆ.

ನನ್ನ ಹೆಂಡತಿ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂರಿಸುವವಳು. ಆ ದಿನ ಅವಳು ಅಲ್ಲಿ ಸೇರಿ ಇಪ್ಪತ್ತು ವರ್ಷ ತುಂಬಿತ್ತಂತೆ. ನನಗೆ ಗೊತ್ತಿರಲಿಲ್ಲ. (ಬೆಳಿಗ್ಗೆ ಹೇಳಿದ್ದಳು. ಹಲ್ಲುಜ್ಜುತ್ತಿದ್ದೆ, “ಹೂಂ” ಅಂದಿದ್ದೆ.) ಸಂಜೆ ಕರೆದುಕೊಂಡು ಬರಲು ಸ್ಕೂಟರಿನಲ್ಲಿ ಹೋದೆ. ಬೆಲ್ ಹೊಡೆಯಿತು, ಹೆಂಗಸರೆಲ್ಲ ಇಳಿದು ಬಂದರು, ಇವಳಿಲ್ಲ. ಐದು ನಿಮಿಷ. ಹತ್ತು ನಿಮಿಷ. ಹಿಂದಿನಿಂದ ಒಂದು ಲಾರಿಯವನು ಕಿವಿ ಹರಿದುಹೋಗುವಂತೆ ಹಾರನ್ ಬಾರಿಸಿದ. ಅವನ ಮೇಲೆ ಬಂದ ಸಿಟ್ಟನ್ನು ಅವನ ಮೇಲೆಯೇ ತೀರಿಸಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ತಲೆಯೆತ್ತಿ ಎರಡನೇ ಮಹಡಿಯ ಕಿಟಕಿಗೆ ಕೂಗಿದೆ:

“ಏಯ್! ಅಲ್ಲೇನು ಮೊಟ್ಟೆ ಇಡ್ತಾ ಕೂತಿದ್ದೀಯಾ? ಇಳೀತೀಯೋ, ಇಲ್ಲ ಅಲ್ಲೇ ಬಿದ್ಕೋತೀಯೋ?”

ಕಿಟಕಿಯಲ್ಲಿ ಮೊದಲು ಎರಡು ತಲೆ ಕಂಡವು. ಆಮೇಲೆ ಹತ್ತು. ಕೊನೆಗೆ ಸೂಪರ್‌ವೈಸರನ ಬೋಳುತಲೆಯೂ ಬಂತು. ಅದಾದ ಮೇಲೆ ಹೆಂಡತಿ ಮೆಟ್ಟಿಲಿಳಿದು ಬಂದಳು, ಒಂದೊಂದೇ ಮೆಟ್ಟಿಲು, ಎದೆಗವಚಿಕೊಂಡ ಗಾಜಿನ ತೊಟ್ಟಿಯ ಜೊತೆ. ತೊಟ್ಟಿಯೊಳಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಎರಡು ಚಿನ್ನದ ಬಣ್ಣದ ಮೀನು. ಜೊತೆಯವರು ಸೇರಿ ಕೊಟ್ಟ ಉಡುಗೊರೆ. ಚೀಲ ಒಡೆಯಬಾರದೆಂದು ನಿಧಾನ ಮಾಡಿದ್ದಳು. ಅವಳನ್ನು ಬೀಳ್ಕೊಡಲು ಬಂದ ಇಬ್ಬರು ಹೆಂಗಸರು, ಸಂಪಿನಲ್ಲಿ ಸತ್ತ ಇಲಿ ಸಿಕ್ಕಾಗ ನಾನು ನೋಡುತ್ತೇನಲ್ಲ, ಹಾಗೆ ನನ್ನನ್ನು ನೋಡಿದರು.

ಅವಳು ಹಿಂದೆ ಕೂತಳು. ಮಾತಾಡಲಿಲ್ಲ. ಅವತ್ತೂ ಇಲ್ಲ, ಮರುದಿನವೂ ಇಲ್ಲ. ಮೂರನೇ ದಿನದಿಂದ ಬಸ್ಸಿನಲ್ಲಿ ಹೋಗತೊಡಗಿದಳು.

ಬೇರೆ ಮನೆಗಳಲ್ಲಿ ಹೀಗಾದರೆ ನಡುವೆ ಮಕ್ಕಳಿರುತ್ತಾರೆ, “ನಿಮ್ಮಪ್ಪನಿಗೆ ಹೇಳು” ಅನ್ನಬಹುದು. ನಮಗೆ ಆ ಅನುಕೂಲವಿಲ್ಲ. ಇರುವವರು ನಾವಿಬ್ಬರೇ, ಎರಡು ಕೋಣೆ, ಒಂದು ಅಡುಗೆಮನೆ. ಮಾತು ನಿಂತರೆ ಫ್ಯಾನ್ ತಿರುಗುವುದು ಕೇಳಿಸುತ್ತದೆ, ಫ್ಯಾನ್ ನಿಂತರೆ ಅದೂ ಇಲ್ಲ. ಒಂದು ವಾರ ಫ್ಯಾನಿನ ಮಾತು ಕೇಳಿದೆ. ಎಂಟನೇ ದಿನ ಅವಳು ಮೀನಿನ ತೊಟ್ಟಿಯ ಮುಂದೆ ನಿಂತು ಬಾಯಿ ಬಿಟ್ಟಳು.

“ದೊಡ್ಡೋನೇ, ಗ್ಯಾಸ್ ಮುಗೀತು. ತರಿಸೋರು ಯಾರಾದ್ರೂ ಇದ್ರೆ ತರಿಸ್ಲಿ.”

ಎರಡು ಮೀನಿನಲ್ಲಿ ದಪ್ಪಗಿದ್ದದ್ದು ದೊಡ್ಡೋನು. ಸಣ್ಣದು ಚಿಕ್ಕೋನು. ದೊಡ್ಡೋನನ್ನು ಅವಳು ತನ್ನ ಕಡೆ ಸೇರಿಸಿಕೊಂಡಿದ್ದರಿಂದ ನಾನು ಚಿಕ್ಕೋನನ್ನು ರಾಯಭಾರಿಯಾಗಿ ನೇಮಿಸಿಕೊಂಡೆ.

“ಚಿಕ್ಕೋನೇ, ಗ್ಯಾಸ್ ನಾಳೆ ಬರುತ್ತೆ. ನಾಳೆ ನಾನು ಆರು ಗಂಟೆಗೇ ಹೊರಡ್ಬೇಕು. ಡಬ್ಬಿ ಕಟ್ಟೋರು ಕಟ್ಟಲಿ.”

“ದೊಡ್ಡೋನೇ, ಡಬ್ಬಿ ಕಟ್ಟೋರಿಗೂ ಕೈಯಿದೆ, ಕಾಲಿದೆ, ಮರ್ಯಾದೆನೂ ಇದೆ. ಡಬ್ಬಿ ಒಂದು ಕಟ್ತಾರೆ, ಅಷ್ಟೇ.”

ಸಂಸಾರ ಹೀಗೆ ನಡೆಯಿತು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಎದ್ದರೆ ಅವಳ ದನಿ ಕಿವಿಗೆ ಬೀಳುತ್ತಿತ್ತು, ಅದು ನನಗಲ್ಲದಿದ್ದರೇನಂತೆ. ಆ ಎರಡು ಮೀನು ಇರುವ ತನಕ ನಮ್ಮ ಮನೆಯಲ್ಲಿ ಮಾತು ಇರುತ್ತದೆ, ಅವು ಹೋದರೆ ಇದೂ ಹೋಯಿತು. ಇಷ್ಟು ನನಗೆ ಚೆನ್ನಾಗಿ ಅರ್ಥವಾಗಿತ್ತು. ಆದ್ದರಿಂದ ನಾನು ಮೀನುಗಳ ಆರೋಗ್ಯವನ್ನು ಗಂಭೀರವಾಗಿ ಕೈಗೆತ್ತಿಕೊಂಡೆ. ಅಲ್ಲಿಂದ ಅವುಗಳ ಆರೋಗ್ಯ ಕೆಡತೊಡಗಿತು.

ಮೊದಲು ಊಟ. ದಿನಾ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಮೀನಿನ ಊಟದ ಡಬ್ಬಿಯಿಂದ ಕಾಳು ತೆಗೆದು ಹಾಕುತ್ತಿದ್ದೆ. ಕೈ ನನ್ನದು ಸ್ವಲ್ಪ ದೊಡ್ಡದು. ಚಿಟಿಕೆ ಎಂದರೆ ಅರ್ಧ ಹಿಡಿ. ಒಂದು ವಾರ ಕಳೆಯುವಷ್ಟರಲ್ಲಿ ನೀರು ಮಸುಕಾಯಿತು, ಗಾಜಿಗೆ ಹಸಿರು ಅಂಟಿತು. ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು, ಮುಚ್ಚುತ್ತಿದ್ದವು. ಪಾಪ, ಹಸಿವು ಎಂದುಕೊಂಡು ಇನ್ನೊಂದಿಷ್ಟು ಹಾಕಿದೆ.

ಆ ಮಸುಕು ನೀರನ್ನು ನೋಡಿ ನೋಡಿ ನನಗೆ ನಾಚಿಕೆಯಾಯಿತು. ಊರವರ ಟ್ಯಾಂಕನ್ನೆಲ್ಲ ಕನ್ನಡಿ ಮಾಡಿ ಕೊಡುವವನ ಮನೆಯಲ್ಲಿ ಇದೇನು ಚರಂಡಿ? ಆ ಭಾನುವಾರ ಅವಳಿಗೆ ಓವರ್‌ಟೈಮ್ ಇತ್ತು. ನನ್ನ ಸರಂಜಾಮು ಹೊರಬಂತು. ಮೀನುಗಳನ್ನು ಬಕೆಟ್ಟಿಗೆ ವರ್ಗಾಯಿಸಿದೆ. ಹಳೇ ನೀರನ್ನು ಕೊನೆಯ ಹನಿಯವರೆಗೂ ಮೋರಿಗೆ ಚೆಲ್ಲಿದೆ. ಗಾಜನ್ನು ಬ್ರಷ್ಷಿನಿಂದ ತಿಕ್ಕಿದೆ. ತಳದ ಕಲ್ಲುಗಳನ್ನು ಬ್ಲೀಚಿಂಗ್ ಪೌಡರಿನಲ್ಲಿ ನೆನೆಸಿದೆ. ಫಿಲ್ಟರಿನೊಳಗೆ ಒಂದು ಸ್ಪಂಜು ಇರುತ್ತದೆ. ಅದು ಕರಿ ಕೆಸರು ಕುಡಿದು ಕೂತಿತ್ತು. ಅದನ್ನು ಹಿಂಡಿದೆ, ಪೌಡರ್ ಹಾಕಿ ಉಜ್ಜಿದೆ, ಮತ್ತೆ ಹಿಂಡಿದೆ. ಮಲ್ಲಿಗೆ ಬಣ್ಣಕ್ಕೆ ಬಂದ ಮೇಲೆಯೇ ಬಿಟ್ಟೆ. ಎಲ್ಲವನ್ನೂ ಮೂರು ಸಲ ತೊಳೆದು, ನಲ್ಲಿ ತಿರುಗಿಸಿ, ಹೊಸ ನೀರು ತುಂಬಿದೆ. ಮೂವತ್ತು ವರ್ಷದ ಅನುಭವವನ್ನೆಲ್ಲ ಎರಡು ಅಡಿ ಗಾಜಿನೊಳಗೆ ಸುರಿದಿದ್ದೆ. ನೀರು ಇದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಬೇಕು, ಹಾಗೆ ಹೊಳೆಯುತ್ತಿತ್ತು.

ಎದುರಿಗೆ ಕುರ್ಚಿ ಹಾಕಿಕೊಂಡು ಕಾದೆ. ಇವತ್ತು ಮಾತಾಡದೆ ಎಲ್ಲಿಗೆ ಹೋಗುತ್ತಾಳೆ?

ಬಂದಳು. ನೋಡಿದಳು. ಚಪ್ಪಲಿ ಬಿಡುವುದನ್ನೂ ಮರೆತು ಹತ್ತಿರ ಹೋಗಿ ಬಗ್ಗಿದಳು.

“ದೊಡ್ಡೋನೇ, ಯಾರೋ ನಿನ್ನ ಮನೆ ತೊಳೆದಿದ್ದಾರಲ್ಲೋ.”

ದನಿ ಸ್ವಲ್ಪ ಮೆತ್ತಗಿತ್ತು. ಅವಳು ನನ್ನತ್ತ ತಿರುಗಲಿಲ್ಲ, ಆದರೆ ತಿರುಗುವ ಹಾದಿಯಲ್ಲಿದ್ದಳು. ಕುತ್ತಿಗೆ ಇಷ್ಟೇ ಇಷ್ಟು ಹೊರಳಿದ್ದು ನನಗೆ ಕಾಣುತ್ತಿತ್ತು.

ಸೋಮವಾರ ಸಂಜೆ ದೊಡ್ಡೋನು ತಳದಲ್ಲಿ ಒಂದು ಪಕ್ಕಕ್ಕೆ ವಾಲಿದ್ದ. ರೆಕ್ಕೆಗಳಲ್ಲಿ ಕೆಂಪು ಗೆರೆ ಎದ್ದಿದ್ದವು. ಮಂಗಳವಾರ ಬೆಳಿಗ್ಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದ.

ಅವಳು ಅಳಲಿಲ್ಲ. ಕಾರ್ಖಾನೆಯಿಂದ ತಂದಿದ್ದ ಕಾಲರ್ ಬಟ್ಟೆಯ ತುಂಡಿನಲ್ಲಿ ಅವನನ್ನು ಸುತ್ತಿ, ಬಾಲ್ಕನಿಯ ಹೂವಿನ ಕುಂಡದಲ್ಲಿ ಮಣ್ಣು ಮಾಡಿದಳು. ಕೈ ತೊಳೆದುಕೊಂಡು ಕೆಲಸಕ್ಕೆ ಹೋದಳು. ಸಂಜೆ ಬಂದವಳು ಚಿಕ್ಕೋನ ಮುಂದೆ ನಿಂತಳು, ಏನೋ ಹೇಳುವವಳಂತೆ ತುಟಿ ಅಲುಗಿತು, ಹೇಳದೆ ಒಳಗೆ ಹೋದಳು. ಮೊದಲು ಮಾತು ನನಗೆ ಮಾತ್ರ ಇರಲಿಲ್ಲ, ಈಗ ಮನೆಗೇ ಇಲ್ಲವಾಯಿತು. ಆ ರಾತ್ರಿ ಊಟಕ್ಕೆ ಕೂತಾಗ ನಾನು ಅಗಿಯುವ ಸದ್ದು ನನಗೇ ಅಸಹ್ಯವಾಗಿ ಕೇಳಿಸಿತು.

ಬುಧವಾರ ಬೆಳಿಗ್ಗೆ ಚಿಕ್ಕೋನೂ ಮೇಲೆ ಬಂದು ಬಾಯಿ ಬಿಡತೊಡಗಿದ. ನಾನು ಬಕೆಟ್ ತಂದೆ. ಅವಳು ರಜೆ ಹೇಳಿದಳು. ಒಂದು ಮಾತಿಲ್ಲದೆ ಇಬ್ಬರೂ ಸ್ಕೂಟರ್ ಹತ್ತಿದೆವು. ಹಿಂದೆ ಅವಳು, ಅವಳ ತೊಡೆಯ ಮೇಲೆ ಬಕೆಟ್, ಬಕೆಟ್ಟಿನಲ್ಲಿ ಚಿಕ್ಕೋನು. ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬ ಆಟೋದವನಿಗೂ ಬೈಯದೆ, ಹಂಪ್ ಬಂದಲ್ಲೆಲ್ಲ ಕಾಲು ಊರಿ ದಾಟಿಸಿ, ನಡೆಯುವವರಿಗಿಂತ ನಿಧಾನವಾಗಿ ಹೋದೆ. ಬೆನ್ನಿಗೆ ಆಗಾಗ ತಣ್ಣೀರು ಚಿಮ್ಮುತ್ತಿತ್ತು.

ಸಾಕುವ ಮೀನಿನ ಅಂಗಡಿಯಲ್ಲಿ ಇದ್ದದ್ದು ಮೂವತ್ತರ ಒಬ್ಬ ತೆಳ್ಳನೆಯ ಹೆಂಗಸು. ತೋಳು ಮೊಣಕೈಯವರೆಗೆ ಒದ್ದೆ. ಬಕೆಟ್ಟಿನೊಳಗೆ ಇಣುಕಿ, ಮುಖ ಗಂಟಿಕ್ಕಿ, ಪೊಲೀಸರ ಹಾಗೆ ವಿಚಾರಣೆ ಶುರು ಮಾಡಿದಳು.

“ದಿನಕ್ಕೆ ಎಷ್ಟು ಸಲ ಊಟ?”

“ಒಂದೇ ಸಲ,” ಎಂದೆ ನಾನು.

“ಒಂದೇ ಸಲ,” ಎಂದಳು ಹೆಂಡತಿ.

“ಹಾಕೋದು ಯಾರು?”

“ನಾನು,” ಎಂದೆವು ಇಬ್ಬರೂ ಒಟ್ಟಿಗೆ.

ಅಂಗಡಿಯಾಕೆ ನನ್ನನ್ನು ನೋಡಿದಳು, ಅವಳನ್ನು ನೋಡಿದಳು. “ಅಲ್ಲಿಗೆ ಎರಡು ಸಲ ಆಯ್ತಲ್ಲಕ್ಕಾ. ನೀವಿಬ್ರೂ ಒಂದೇ ಮನೇಲಿರೋದು ತಾನೇ?”

ನಾವಿಬ್ಬರೂ ಬಕೆಟ್ ನೋಡಿದೆವು. ನಾನು ಸ್ನಾನದ ಹೊತ್ತಿನಲ್ಲಿ ಹಾಕಿದರೆ, ಅವಳು ನಾನು ಹೊರಟ ಮೇಲೆ ಹಾಕುತ್ತಿದ್ದಳು. “ಹಾಕಿದ್ಯಾ?” ಎಂದು ಒಂದು ಮಾತು ಕೇಳುವವರು ಮನೆಯಲ್ಲಿರಲಿಲ್ಲ.

“ಇದಕ್ಕೆ ಹೊಟ್ಟೆ ಅನ್ನೋದೇ ಇಲ್ಲ ಯಜಮಾನ್ರೇ. ಸಾಕು ಅಂತ ಇದಕ್ಕೆ ಗೊತ್ತಾಗಲ್ಲ, ಹಾಕಿದಷ್ಟೂ ತಿನ್ನುತ್ತೆ. ತಿಂದದ್ದೆಲ್ಲ ನೀರಿಗೇ ಬಿಡುತ್ತೆ. ತಿನ್ನದೆ ಉಳಿದದ್ದು ಅಲ್ಲೇ ಕೊಳೆಯುತ್ತೆ. ಮೇಲೆ ಬಂದು ಬಾಯಿ ಬಿಡ್ತಿತ್ತಾ?”

“ಹಸಿವು ಅಂತ...”

“ಹಸಿವಲ್ಲ, ಉಸಿರು ಕಟ್ಟಿದ್ದು. ತೊಟ್ಟಿ ಯಾವಾಗ ತೊಳೆದ್ರಿ?”

ಇಲ್ಲಿ ನನಗೆ ಸ್ವಲ್ಪ ಧೈರ್ಯ ಬಂತು. ತೊಳೆಯುವ ವಿಷಯದಲ್ಲಿ ನನ್ನನ್ನು ಯಾರೂ ಅಲುಗಾಡಿಸಲಾರರು. ಎದೆ ಮುಂದೆ ಮಾಡಿ ಬ್ರಷ್ಷು, ಪೌಡರು, ಸ್ಪಂಜಿನ ಮಲ್ಲಿಗೆ ಬಣ್ಣ ಎಲ್ಲವನ್ನೂ ವರ್ಣಿಸಿದೆ. ಅಂಗಡಿಯಾಕೆ ಒದ್ದೆ ಕೈಯನ್ನು ಹಣೆಗಿಟ್ಟುಕೊಂಡಳು.

“ಅಯ್ಯೋ ಯಜಮಾನ್ರೇ! ಆ ಸ್ಪಂಜಿನ ಕೆಸರಲ್ಲೇ ಕಣ್ಣಿಗೆ ಕಾಣದ ಜೀವಿಗಳಿರೋದು. ಮೀನಿನ ಹೊಲಸನ್ನ ಅವೇ ತಿಂದು ನೀರನ್ನ ಕಾಪಾಡೋದು. ಎಲ್ಲಾನೂ ಕೊಂದು ಬಂದಿದ್ದೀರಿ. ಸ್ಪಂಜನ್ನ ತೊಟ್ಟಿಯ ಹಳೇ ನೀರಲ್ಲೇ ಸುಮ್ನೆ ಅದ್ದಿ ಹಿಂಡ್ಬೇಕು. ವಾರಕ್ಕೆ ಕಾಲು ಭಾಗ ನೀರು ಮಾತ್ರ ಬದಲಾಯಿಸ್ಬೇಕು. ನಲ್ಲಿ ನೀರಿಗೆ ಔಷಧಿ ಹಾಕಿರ್ತಾರೆ, ಹಾಗೇ ತುಂಬಬಾರ್ದು, ಒಂದು ದಿನ ಬಕೆಟ್ಟಲ್ಲಿ ನಿಲ್ಲಿಸಿಡ್ಬೇಕು.”

“ನೀರು ಕನ್ನಡಿ ಥರ ಹೊಳೀತಿತ್ತು,” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

“ಹೊಳೆಯೋ ವಿಷ ಅದು.”

ನನ್ನ ಕಿವಿ ಬಿಸಿಯಾಯಿತು. ಮೂವತ್ತು ವರ್ಷದ ಕೆಲಸಕ್ಕೆ ಯಾರೂ ಅಂಥ ಮಾತು ಅಂದಿರಲಿಲ್ಲ. ಬೇರೆ ದಿನವಾಗಿದ್ದರೆ ಆ ಅಂಗಡಿಯ ಗಾಜುಗಳೆಲ್ಲ ನನ್ನ ದನಿಗೇ ಬಿರುಕು ಬಿಡುತ್ತಿದ್ದವು. ಹೆಂಡತಿ ನನ್ನನ್ನು ನೋಡುತ್ತಿರಲಿಲ್ಲ, ಚಿಕ್ಕೋನನ್ನು ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಬಾಯಿ ಮುಚ್ಚಿಕೊಂಡೆ.

ಅಂಗಡಿಯಾಕೆ ಕೊನೆಗೆ ಔಷಧಿ ಹೇಳಿದಳು. ಚಿಕ್ಕೋನು ಒಂದು ಅಗಲವಾದ ಟಬ್ಬಿನಲ್ಲಿರಬೇಕು. ದಿನಾ ಸ್ವಲ್ಪ ಸ್ವಲ್ಪ ನಿಲ್ಲಿಸಿಟ್ಟ ನೀರು ಬದಲಾಯಿಸಬೇಕು. ಗಾಜಿನ ತೊಟ್ಟಿಯಲ್ಲಿ ಮೀನಿಲ್ಲದೆ ಬರೀ ನೀರು ಫಿಲ್ಟರಿನೊಳಗೆ ಒಂದು ತಿಂಗಳು ಓಡಬೇಕು. ಆ ಕಾಣದ ಜೀವಿಗಳು ಮತ್ತೆ ಹುಟ್ಟಿಕೊಳ್ಳಲೆಂದು ದಿನಾ ಒಂದು ಚಿಟಿಕೆ ಕಾಳು ಆ ಬರೀ ನೀರಿಗೂ ಹಾಕಬೇಕು.

“ತೊಟ್ಟಿಗೆ ಯಜಮಾನ್ರು, ಮೀನಿಗೆ ಅಕ್ಕ. ದಿನಾ ಬೆಳಿಗ್ಗೆ ಒಬ್ರನ್ನೊಬ್ರು ‘ಹಾಕಿದ್ರಾ’ ಅಂತ ಕೇಳ್ಕೊಳ್ಳಿ. ಅಷ್ಟು ಸಾಕು.”

ಮರುದಿನ ಬೆಳಿಗ್ಗೆ ಹೆಂಡತಿ ಬಂದು ನನ್ನ ಮುಂದೆ ನಿಂತಳು. ಮಾತು ನಿಂತ ಇಪ್ಪತ್ತೊಂದನೇ ದಿನ.

“ಹಾಕಿದ್ರಾ?”

“ಹಾಕಿದೆ. ನೀನು ಹಾಕಿದ್ಯಾ?”

“ಹೂಂ.”

ಅಷ್ಟೇ. ದಿನದ ಮಾತು ಮುಗಿಯಿತು. ಡಾಕ್ಟರು ಬರೆದುಕೊಟ್ಟ ಗುಳಿಗೆಯ ಹಾಗೆ ಬೆಳಿಗ್ಗೆ ಒಂದು, ಉಳಿದ ಹೊತ್ತು ಪಥ್ಯ. ಚಿಕ್ಕೋನು ಮಾತ್ರ ದಿನದಿಂದ ದಿನಕ್ಕೆ ಗೆಲುವಾಗುತ್ತಿದ್ದ. ನಾನು ಖಾಲಿ ತೊಟ್ಟಿಯ ಮುಂದೆ ನಿಂತು, ಮೂವತ್ತು ವರ್ಷ ಕೊಂದ ಜೀವಿಗಳನ್ನೇ ಸಾಕುತ್ತಿದ್ದೆ. ಎಷ್ಟು ಬಗ್ಗಿ ನೋಡಿದರೂ ಅವು ಒಂದು ದಿನವೂ ಕಾಣಿಸಲಿಲ್ಲ. ಬುಳುಬುಳು ಎಂದು ಫಿಲ್ಟರ್ ಮಾತ್ರ ಓಡುತ್ತಿತ್ತು.

ಹತ್ತು ದಿನ ಹೀಗಾದ ಮೇಲೆ ಒಂದು ಬೆಳಿಗ್ಗೆ, ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ಚಿಟಿಕೆ ಕಾಳು ಹಾಕಿ, ಯಾಕೋ ಏನೋ ಆ ಬರೀ ನೀರಿಗೆ ಮೆಲ್ಲಗೆ ಹೇಳಿದೆ:

“ತಪ್ಪಾಯ್ತು.”

ಪಾತ್ರೆಯ ಸದ್ದು ನಿಂತಿತು. ಅವಳು ಬಾಗಿಲಲ್ಲಿ ಬಂದು ನಿಂತಳು.

“ಏನಂದ್ರಿ?”

“ನಿನಗಲ್ಲ. ಮೀನಿಗೆ ಹೇಳಿದ್ದು.”

“ಅಲ್ಲಿ ಮೀನಿಲ್ಲ.”

“ಮೀನಿಲ್ಲ ಅಂತ ನನಗೂ ಗೊತ್ತು ಕಣೇ! ಕಣ್ಣಿಲ್ವಾ ನನಗೆ? ಕುರುಡನಾ ನಾನು?” ಕಿಟಕಿಯ ಗಾಜು ಝಣ್ ಎಂದಿತು. ಟಬ್ಬಿನಲ್ಲಿ ಚಿಕ್ಕೋನು ಒಂದು ಸುತ್ತು ಓಡಿದ. ಆಯಿತು, ಮುಗಿಯಿತು, ಗುಳಿಗೆಯೂ ಹೋಯಿತು ಎಂದುಕೊಂಡೆ.

ಅವಳು ಹೋಗಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಮುಖವನ್ನೇ ನೋಡಿದಳು.

“ಸರಿ. ಈಗ ಇಷ್ಟೇ ಜೋರಾಗಿ ಆ ಮೊದಲನೇ ಮಾತು ಹೇಳಿ.”

ನಾನು ಬಾಯಿ ತೆರೆದೆ. ಹದಿನೈದು ಅಡಿ ಆಳದ ಸಂಪಿನಿಂದ ಮೂರನೇ ಮಹಡಿಗೆ ಕೇಳಿಸುವ ಗಂಟಲು ಅದು. ಬರೀ ಗಾಳಿ ಬಂತು. ಕೆಮ್ಮಿದೆ. ನೀರು ಕುಡಿದೆ. ಮತ್ತೆ ತೆರೆದೆ. ಅವಳು ಗಡಿಯಾರ ನೋಡಿದಳು.

“ನಾಳೆ ಕೇಳ್ತೀನಿ,” ಎಂದು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೋದಳು.

ಈಗ ದಿನಾ ಬೆಳಿಗ್ಗೆ ಎರಡು ಪ್ರಶ್ನೆ. “ಹಾಕಿದ್ರಾ?” ಮೊದಲನೆಯದು. ಅದಕ್ಕೆ ನನ್ನಲ್ಲಿ ಉತ್ತರವಿದೆ. ಎರಡನೆಯದನ್ನು ಅವಳು ಬಾಯಿಬಿಟ್ಟು ಕೇಳುವುದಿಲ್ಲ, ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ಎರಡು ನಿಮಿಷ ನಿಲ್ಲುತ್ತಾಳೆ. ನಾನು ಮೈಯೆಲ್ಲ ಬೆವರಿ, ಗೋಡೆ ಹಿಡಿದುಕೊಂಡು, ಪ್ರಯತ್ನ ಮಾಡುತ್ತೇನೆ. ಇವತ್ತು ಒಂಬತ್ತನೇ ದಿನ. ‘ತ’ ಎಂಬಷ್ಟು ಹೊರಗೆ ಬಿತ್ತು. ಉಳಿದದ್ದು ಬರುವಷ್ಟರಲ್ಲಿ ಬಸ್ಸು ಬಂತು.