ದೊಡ್ಡಮ್ಮನನ್ನು ಬಿಸಿನೀರಿಗೆ ಅದ್ದಿದ್ದು

ಹೆದರಿಕೆಗೂ ಒಂದು ಘನತೆ ಇರಬೇಕು. ನಮ್ಮ ಕಡೆ ತೋಟಕ್ಕೆ ನುಗ್ಗುವ ಚಿರತೆಗೆ ಹೆದರುವವರಿದ್ದಾರೆ, ತಲೆಯ ಮೇಲೆ ಬೀಳಬಹುದಾದ ತೆಂಗಿನಕಾಯಿಗೆ ಹೆದರುವವರಿದ್ದಾರೆ. ಅವರನ್ನು ನೋಡಿ ಯಾರೂ ನಗುವುದಿಲ್ಲ. ನಾನು ಹೆದರಿದ್ದು ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಗೊಂಬೆಗೆ. ಹೇಳಿಕೊಂಡರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ನಾನು ಹುಟ್ಟಾ ಪುಕ್ಕಲನೆಂದು ಮನೆಯವರಿಗೆಲ್ಲ ಗೊತ್ತಿರುವುದರಿಂದ ಹೊಸದಾಗಿ ಕಳೆದುಕೊಳ್ಳುವುದೇನೂ ಇಲ್ಲ. ಕರೆಂಟು ಹೋದರೆ ಫ್ಯೂಸ್ ಹಾಕಲು ಹೆಂಡತಿಯನ್ನು ಮುಂದೆ ಬಿಟ್ಟು, ಹಿಂದೆ ನಿಂತು ಟಾರ್ಚ್ ಹಿಡಿಯುವ ಜಾತಿ ನನ್ನದು.

ಆ ಗೊಂಬೆಗಳನ್ನು ನೊಣವಿನಕೆರೆ ಹತ್ತಿರದ ನಮ್ಮೂರಿಗೆ ತಂದವನು ನನ್ನ ಬಾಮೈದ ಮೋಹನ. ಎಸ್ಟಿಡಿ ಬೂತಿನವನು ಮೊಬೈಲ್ ಕರೆನ್ಸಿ ಮಾರಲು ಶುರುಮಾಡಿದ್ದ ಕಾಲ ಅದು. ಮೋಹನ ಬೆಂಗಳೂರಿನಲ್ಲಿ ಆಟದ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಮೇಜಿನ ಮೇಲೆ ಚೌಕುಳಿ ಚೌಕುಳಿಯ ನಕ್ಷೆ ಹಾಸಿ, ಇಪ್ಪತ್ತು ಮುಖದ ದಾಳ ಉರುಳಿಸಿ, ಯೋಧರು, ರಾಕ್ಷಸರು, ಮಾಟಗಾತಿಯರನ್ನು ಕಾದಾಡಿಸುವ ಪರದೇಶದ ಆಟದ ಗೊಂಬೆಗಳು ಅವು. ಅಲ್ಲಿಯ ಜನ ಬರಿಯ ಗೊಂಬೆ ಕೊಂಡು, ಭೂತಗನ್ನಡಿ ಹಿಡಿದು, ಕೂದಲೆಳೆಯಂಥ ಕುಂಚದಲ್ಲಿ ತಾವೇ ಬಣ್ಣ ಬಳಿಯುತ್ತಾರಂತೆ. ಗೇಟಿಗೆ ಬಣ್ಣ ಹೊಡೆಯಲು ಹೋಗಿ ಪಕ್ಕದಲ್ಲಿ ಕಟ್ಟಿದ್ದ ಎಮ್ಮೆಗೂ ಬಳಿದ ನನ್ನಂಥವನಿಂದ ಅದು ಆಗುವ ಮಾತೇ? ಇವು ಕಾರ್ಖಾನೆಯಲ್ಲೇ ಬಣ್ಣ ಹಚ್ಚಿಸಿಕೊಂಡು ಬಂದಿದ್ದವು. ಡಬ್ಬಿ ತೆರೆಯುವವರೆಗೆ ಒಳಗೆ ಯಾರಿದ್ದಾರೆಂದು ಗೊತ್ತಿಲ್ಲ, ತೆರೆದ ಕೂಡಲೇ ಯುದ್ಧಕ್ಕೆ ಸಿದ್ಧ. ಅಂಗಿಯ ಮಡಿಕೆ, ಕವಚದ ತುಕ್ಕು ಎಲ್ಲ ಕಾಣುವಷ್ಟು ಚೊಕ್ಕಟ. ಕಣ್ಣಿನ ವಿಷಯದಲ್ಲಿ ಮಾತ್ರ ಆ ಕಾರ್ಖಾನೆಯವರಿಗೆ ಅವಸರ. ಒಬ್ಬನ ಕಣ್ಣು ಹುಬ್ಬಿನ ಮೇಲೆ, ಇನ್ನೊಬ್ಬನದು ಕೆನ್ನೆಯ ಮೇಲೆ. ಹೀಗಾಗಿ ಕೋಣೆಯ ಯಾವ ಮೂಲೆಯಲ್ಲಿ ನಿಂತರೂ ಯಾವುದೋ ಒಂದು ಗೊಂಬೆ ನನ್ನನ್ನೇ ದಿಟ್ಟಿಸುತ್ತಿತ್ತು. ಮಲಗುವ ಮುಂಚೆ ಅವುಗಳ ಮೇಲೆ ಟವೆಲ್ ಮುಚ್ಚುತ್ತಿದ್ದೆ. ಆದರೂ ಆಟದ ಹುಚ್ಚು ಬಿಡಲಿಲ್ಲ.

ಇನ್ನೊಂದು ಊನವೆಂದರೆ ಆ ಪ್ಲಾಸ್ಟಿಕ್ಕು ಮೆದು. ಡಬ್ಬಿಯೊಳಗೆ ಅಮುಕಿಸಿಕೊಂಡು ಕತ್ತಿ, ಈಟಿ, ಕೆಲವರ ಸೊಂಟವೂ ಬಾಗಿರುತ್ತಿತ್ತು. ಕುದಿಯುವ ನೀರಿಗೆ ಅದ್ದಿ, ಮೆತ್ತಗಾದಾಗ ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿದರೆ ಸರಿಹೋಗುತ್ತದೆ. ಒಂದು ಭಾನುವಾರ ಬೆಳಿಗ್ಗೆ ಬಚ್ಚಲೊಲೆಗೆ ತೆಂಗಿನ ಮಟ್ಟೆ ತುರುಕಿ, ಹಂಡೆಯಿಂದ ಬಿಸಿನೀರು ಮೊಗೆದುಕೊಂಡು ಹಿತ್ತಲಲ್ಲಿ ಕೂತಿದ್ದೆ. ಇಕ್ಕಳದಲ್ಲಿ ಒಬ್ಬಳು ಮುದಿ ಮಾಟಗಾತಿ. ಹೊತ್ತು ತಪ್ಪದಿರಲೆಂದು ತುಟಿಯಲ್ಲೇ ಎಣಿಸುತ್ತಿದ್ದೆ. ಆ ಗೊಂಬೆಗೆ, ರಜೆಗೆಂದು ಬಂದಿದ್ದ ಮೋಹನ ತಮಾಷೆಗೆ ನಮ್ಮ ದೊಡ್ಡಮ್ಮನ ಹೆಸರಿಟ್ಟಿದ್ದ. ಒಳಗಿನಿಂದಲೇ ಕೂಗಿ ಹೇಳಿದ: "ಭಾವ, ದೊಡ್ಡಮ್ಮನ್ನ ಇನ್ನೊಂಚೂರು ಕುದಿಸಿ. ಸೊಂಟ ಇನ್ನೂ ಸರಿಯಾಗಿಲ್ಲ."

ತಲೆಯೆತ್ತಿದರೆ ಕರಿಬೇವಿನ ಗಿಡದ ಪಕ್ಕ ನಿಜವಾದ ದೊಡ್ಡಮ್ಮ ನಿಂತಿದ್ದಳು. ಆಕೆಯ ಕಣ್ಣು ನನ್ನ ತುಟಿಯ ಮೇಲಿತ್ತು, ಆಮೇಲೆ ಇಕ್ಕಳಕ್ಕೆ ಇಳಿಯಿತು. ಕೆಲವು ದಿನಗಳಿಂದ ಆಕೆಗೆ ಸೊಂಟನೋವು. ಕರಿಬೇವು ಕೀಳದೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ಹಿಂದೆ ಹಿಂದೆಯೇ ನಡೆದುಹೋದಳು.

ಅಮ್ಮ ತೀರಿಕೊಂಡ ಮೇಲೆ ನನಗೆ ಅನ್ನ ಹಾಕಿ ಬೆಳೆಸಿದವಳು ಈ ದೊಡ್ಡಮ್ಮ. ಪಕ್ಕದ ಮನೆಯಲ್ಲೇ ಇದ್ದು, ಬೆಳಿಗ್ಗೆ ನಮ್ಮನೆಯ ಕಾಫಿ ಕುಡಿದ ಮೇಲೇ ಬೇರೆ ಕೆಲಸಕ್ಕೆ ಕೈಹಾಕುವವಳು. ಮಾರನೆಯ ದಿನ ಬರಲಿಲ್ಲ. ಹೆಂಡತಿ ಸರೋಜಳೇ ಕಾಫಿ ಒಯ್ದುಕೊಟ್ಟರೆ ಅದನ್ನು ತೆಂಗಿನ ಮರದ ಬುಡಕ್ಕೆ ಸುರಿದಳಂತೆ. ಮರಕ್ಕೇನಾದರೂ ಆಗುತ್ತದೋ ಎಂದು ಸಂಜೆಯವರೆಗೆ ಅದನ್ನೇ ನೋಡುತ್ತ ಕೂತಿದ್ದಳಂತೆ. ಆ ವಾರವೇ ಕೆಂಕೆರೆಯ ಕಡೆ ಹೋಗಿ ತಾಯತ ಕಟ್ಟಿಸಿಕೊಂಡು ಬಂದಳು. ನನಗೆ ಊಟ ಸೇರದಾಯಿತು. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ಮಾಟ ಮಾಡುತ್ತಾನೆಂದು ಸುದ್ದಿಯಾದರೆ ಗತಿಯೇನು ಎಂಬ ಭಯ ಇದ್ದೇ ಇತ್ತು. ಅದಕ್ಕಿಂತ ದೊಡ್ಡ ಭಯ ಇನ್ನೊಂದು. ತಾನು ಸಾಕಿದ ಹುಡುಗನೇ ತನಗೆ ಕೇಡು ಬಗೆದನೆಂದು ಆಕೆ ನಂಬಿಬಿಟ್ಟಿದ್ದಾಳೆ. ಹಾಗಲ್ಲವೆಂದು ತಿಳಿಸುವ ಮೊದಲೇ ಅವಳಿಗೇನಾದರೂ ಆಗಿಬಿಟ್ಟರೆ?

"ಹಿಂಗೆ ತಲೆ ಮೇಲೆ ಕೈಹೊತ್ಕೊಂಡು ಕೂತ್ರೆ ಆಯ್ತದೇನ್ರೀ? ಗೊಂಬೆ ತಗಂಡೋಗಿ ತೋರ್ಸಿ ಬನ್ನಿ," ಎಂದು ಸರೋಜ ಡಬ್ಬಿಯನ್ನು ನನ್ನ ಕೈಗಿಟ್ಟು ಹೊರಗೆ ದಬ್ಬಿದಳು.

"ಅಲ್ಲೇ ನಿಂತ್ಕೊ," ಎಂದಳು ದೊಡ್ಡಮ್ಮ, ತನ್ನ ಮನೆಯ ಬಾಗಿಲಲ್ಲೇ ತಾಯತ ಹಿಡಿದುಕೊಂಡು.

ನಾನು ಜಗಲಿಯ ಮೇಲೆ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿದೆ. "ಇದು ಆಟ ಕಣ್ ದೊಡ್ಡಮ್ಮ. ಚೌಕಾಬಾರ ಇದ್ದಂಗೇಯ. ಕಾಯಿಗೆ ಕೈಕಾಲು ಬಂದವೆ, ಅಷ್ಟೆ."

ದೊಡ್ಡಮ್ಮ ಸೆರಗಿನಲ್ಲಿ ಹಿಡಿದು ಮಾಟಗಾತಿಯನ್ನು ಎತ್ತಿಕೊಂಡಳು. ಬಿಸಿಲಿಗೆ ತಿರುಗಿಸಿ ನೋಡಿದಳು. "ಬಣ್ಣ ಚೆನ್ನಾಗ್ ಬಳ್ದವ್ರೆ. ಬಟ್ಟೆ ಅಂಚು ಸೈತ ಬುಟ್ಟಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಇದು ನಾನಾ? ಮೂಗು ಹಿಂಗದಾ ನಂದು?"

"ಹೆಸರಿಟ್ಟೋನು ಮೋಹನ," ಎಂದೆ. ನನ್ನ ಶೌರ್ಯ ಅಷ್ಟೇ.

"ಇದ್ರ ಸೊಂಟ ನೆಟ್ಟಗಾಯ್ತಾ?"

"ಆಯ್ತು."

ದೊಡ್ಡಮ್ಮ ಎದ್ದು ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿ ನೋಡಿದಳು. "ನಂದೂ ಅವತ್ತಿಂದ ವಸಿ ಹಗುರಾಗ್ಯದೆ ಕಣ್ಲಾ. ತಾಯತದ್ದು ಅನ್ಕಂಡಿದ್ದೆ. ಇನ್ನೊಂದ್ಸಲ ಅದ್ದು, ನೋಡಾನ."

ಅಲ್ಲಿಂದ ಪ್ರತಿ ಭಾನುವಾರ ದೊಡ್ಡಮ್ಮ ಬಂದು ಬಚ್ಚಲೊಲೆಯ ಪಕ್ಕ ಮಣೆ ಹಾಕಿಕೊಂಡು ಕೂತು, ತನ್ನನ್ನು ಅದ್ದಿಸಿಕೊಂಡು, ಆಮೇಲೆ ಕಾಫಿ ಕುಡಿಯತೊಡಗಿದಳು. ನೀರಿಗೂ ಅವಳ ಸೊಂಟಕ್ಕೂ ಸಂಬಂಧವಿಲ್ಲವೆಂದು ನಾನು ವಿವರಿಸಹೋದರೆ, "ಅದ್ನೆಲ್ಲ ಸ್ಕೂಲಲ್ಲಿ ಹೇಳ್ಕೊ, ಈಗ ಅದ್ದು," ಎನ್ನುತ್ತಿದ್ದಳು. ಹೀಗೆಯೇ ಒಂದು ಸಲ ನನ್ನ ಇಕ್ಕಳದಲ್ಲಿ ಯೋಧನೊಬ್ಬನ ಕಾಲು ಪಟ್ಟೆಂದು ಮುರಿದುಹೋಯಿತು. ದೊಡ್ಡಮ್ಮ ಅದಕ್ಕೇನೂ ತಲೆ ಕೆಡಿಸಿಕೊಳ್ಳದೆ ಡಬ್ಬಿ ಕೆದಕಿ ಒಂದು ಗೊಂಬೆ ಹೆಕ್ಕಿಕೊಟ್ಟಳು. ಬೋಳುತಲೆ, ಡೊಳ್ಳುಹೊಟ್ಟೆ, ಜೋತುಬಿದ್ದ ಕತ್ತಿ. "ಇವ್ನು ನೀನೇ ಕಣ್ಲಾ. ಇವನ್ನೂ ಅದ್ದು, ನೆಟ್ಟಗಾಯ್ತೀಯ." ಸರೋಜ ಇಣುಕಿ ನೋಡಿ, ಹೌದೆಂದಳು.

ನೀರು ಆರಿಹೋಗಿದೆ ಎಂದೆ. ಹಂಡೆಯಲ್ಲಿ ಅದು ಕೊತಕೊತ ಕುದಿಯುತ್ತಿತ್ತು. ಆ ಗೊಂಬೆಯನ್ನು ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಾರನೆಯ ದಿನ ಶಾಲೆಯಲ್ಲಿ ಮೂಢನಂಬಿಕೆಗಳನ್ನು ಕುರಿತು ನನ್ನದೇ ಭಾಷಣ. ಹೊರಡುವ ಮುಂಚೆ ಬೀಗ ತೆಗೆದು, ಹತ್ತಿ ಬಿಡಿಸಿ, ಕಾಲೆರಡೂ ಇವೆಯೆಂದು ನೋಡಿಕೊಂಡ ಮೇಲೇ ಬಸ್ಸು ಹತ್ತಿದೆ.