ಎರಡು ಕೀಲಿಯ ವೈಫೈ

ನಮ್ಮ ಕಾಕಾನ ಮನೆಯಲ್ಲಿ ವೈಫೈ ಬೇಕೆಂದರೆ ಇಬ್ಬರು ಅಧಿಕಾರಿಗಳು ಖುದ್ದಾಗಿ ಹಾಜರಿರಬೇಕು! ಸುಳ್ಳು ಎನ್ನುತ್ತೀರಾ? ತಿರುವನಂತಪುರದ ಉಳ್ಳೂರಿಗೆ ಬನ್ನಿ, ತೋರಿಸುತ್ತೇನೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಧಾರವಾಡದವರು, ಬ್ಯಾಂಕಿನ ಕೆಲಸಕ್ಕೆಂದು ಇಲ್ಲಿಗೆ ಬಂದು, ನಿವೃತ್ತರಾಗಿ ಇಲ್ಲೇ ಉಳಿದವರು. ಮೋಡೆಮ್ಮು, ರೂಟರು ಎರಡೂ ಒಂದೇ ಡಬ್ಬಿಯಲ್ಲಿ ಬಂದದ್ದನ್ನು ಕಂಡು ಹೌಹಾರಿದರು.

"ಒಂದ ಡಬ್ಬಿಯೊಳಗ ಎರಡೂ? ಮತ್ತ ಒಂದರ ಮ್ಯಾಲೆ ಇನ್ನೊಂದು ಕಣ್ಣಿಡೋದು ಹ್ಯಾಂಗ?"

"ಸಾರೇ, ಎಲ್ಲಾಂ ಇದಿಲುಂಡ್," ಎಂದು ನಕ್ಕ, ಜೋಡಿಸಲು ಬಂದಿದ್ದ ಚೇಟ; ಮಲಯಾಳಿಗಳ ಬಾಯಲ್ಲಿ ಅಣ್ಣ.

ಎಲ್ಲವೂ ಇದರಲ್ಲೇ ಇದೆಯಂತೆ! ಕಾಕಾಗೆ ಭಯವಿದ್ದದ್ದೇ ಅದು. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಒಬ್ಬರೇ ತೆರೆಯುವಂತಿಲ್ಲ. ಸರಿ, ಪಾಸ್‌ವರ್ಡಿನ ಮೊದಲರ್ಧ ಕಾಕಾ ಒತ್ತಿದರು, ಉಳಿದರ್ಧ ಅವರ ಹೆಂಡತಿ, ನಮ್ಮ ಕಾಕು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ! ಆ ಹೊತ್ತಿನಲ್ಲಿ ಪಾಪದ ಚೇಟ ಗೋಡೆ ನೋಡುತ್ತ ನಿಂತಿದ್ದ. ಸಾಲದ್ದಕ್ಕೆ, ದಿನವೂ ಮಲಗುವ ಮುನ್ನ ಕಾಕಾ ಮನೆಯ ಫೋನುಗಳಿಗೆಲ್ಲ ಪಾಸ್‌ವರ್ಡ್ ಮರೆಸುತ್ತಾರೆ. ತಿಜೋರಿ ಮುಚ್ಚಬೇಕಲ್ಲ!

ಒಂದು ಶನಿವಾರ, ನಾನು ಕೆಲಸ ಮಾಡುವ ಕೊಚ್ಚಿಯಿಂದ ಬಂದವಳು ಲ್ಯಾಪ್‌ಟಾಪ್ ತೆರೆದೆ. ಕಾಕಾ ತಮ್ಮ ಅರ್ಧ ಒತ್ತಿ ಕೈ ಕಟ್ಟಿ ನಿಂತರು.

"ಕಾಕಾ, ನನ್ನ ಮೀಟಿಂಗ್ ಶುರು ಆತು!"

"ಜಂಟಿ ಅಧಿಕಾರಿ ಜಳಕಕ್ಕ ಹೋಗ್ಯಾರ. ಕಾಯಬೇಕು."

ಜಂಟಿ ಅಧಿಕಾರಿ ಒದ್ದೆ ತಲೆಯಲ್ಲೇ ಬಂದು ಒತ್ತಿದರು. "ಈ ಮನಷ್ಯಾಗ ಬ್ಯಾಂಕಿನವರು ಪೆನ್ಶನ್ ಕೊಟ್ರು, ಬಿಡುಗಡಿ ಕೊಡಲಿಲ್ಲ ನೋಡು!"

ಜಗಳವಾದ ದಿನ ಕಾಕು ಅಡುಗೆ ಬಿಡುವುದಿಲ್ಲ, ಮಾತೂ ಬಿಡುವುದಿಲ್ಲ. ತಮ್ಮ ಅರ್ಧ ಮಾತ್ರ ಕೊಡುವುದಿಲ್ಲ. ಸಂಜೆಯೊಳಗೆ ಕಾಕಾ ಶರಣು!

ಹೋದ ವರ್ಷ ಕಾಕುವಿನ ಎದೆ ಕೈಕೊಟ್ಟಿತು. ಮರುದಿನ ಹೃದಯದ ಆಪರೇಷನ್. ನಾನೂ ಕಾಕಾನೂ ಅವರ ಸೀರೆ, ಫ್ಲಾಸ್ಕು ಒಯ್ಯಲು ಮನೆಗೆ ಬಂದಿದ್ದೆವು. ಅಷ್ಟರಲ್ಲಿ ಆಸ್ಪತ್ರೆಯಿಂದ ಕಾಕುವಿನ ಫೋನು.

"ಇಲ್ಲೆ ಕೇಳ್ರಿ. ನನ್ನ ಅರ್ಧ ಹೇಳ್ತೀನಿ, ಬರಕೋರಿ. ನಾಳೆ ಏನಾಗತದೋ ಏನೋ."

"ಹೇಳಬ್ಯಾಡ!" ಕಾಕಾ ಕೂಗಿದರು. ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲೇ ಇಲ್ಲ. "ಫೋನಿನ್ಯಾಗ ಕೀಲಿ ಕೊಡೋ ಪದ್ಧತಿ ಇಲ್ಲ. ನೀನ ಮನೀಗೆ ಬಂದು ಹಾಕು."

ನಗಬೇಕೆಂದು ಬಾಯಿ ತೆರೆದೆ. ಕಾಕಾನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಸದ್ದಿಲ್ಲದೆ.

ಆ ಕಡೆ ಕಾಕುವಿಗೆ ಅದು ಹೇಗೆ ತಿಳಿಯಿತೋ!

"ಬರ್ತೀನಿ ತಗೋರಿ," ಎಂದರು. "ಅಳಬ್ಯಾಡ್ರಿ."

ಬಂದರು.